ಗಂಗಮ್ಮನ ಸೊಪ್ಪು ಡಾಟ್ ಇನ್

ಬಟವಾಡಿ ಬಡಾವಣೆಯ ಆ ಮನೆಗೆ ಏನೇ ಬಂದರೂ ತಿಪ್ಪಯ್ಯನವರ ಹೆಸರಿಗೇ ಬರಬೇಕು. ಗ್ಯಾಸು ಅವರ ಹೆಸರಿಗೆ, ಕರೆಂಟು ಅವರ ಹೆಸರಿಗೆ. ಹಿರಿಮಗ ಭೀಮರಾಜ್ ತನ್ನ ಸಂಬಳದಲ್ಲಿ ತಂದ ಫ್ರಿಜ್ಜಿನ ಗ್ಯಾರಂಟಿ ಕಾರ್ಡಿನಲ್ಲೂ ಅವರದೇ ಹೆಸರು. ಸೊಸೆ ಅನುಪಮಾ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಚೀಟಿಯಲ್ಲಿ ಬರೆಸಿದ ಫೋನ್ ನಂಬರ್ ಕೂಡ ಮಾವನದು. ಹೆಣ್ಣು ಮಗು ಅನ್ನುವುದು ಗಂಡನಿಗಿಂತ ಮೊದಲು ಮಾವನಿಗೆ ಗೊತ್ತಾಗಿತ್ತು. ಹೀಗೇ ಮಾಡಿ ಅಂತ ಯಾರೂ ಅಪ್ಪಣೆ ಕೊಡಿಸಿದ್ದಲ್ಲ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದ ತಿಪ್ಪಯ್ಯನವರ ಬಟನ್ ಫೋನಿಗೆ ಆ ಮನೆಯಲ್ಲಿ ‘ಮನೆ ನಂಬರ್’ ಅಂತಲೇ ಹೆಸರು. ಸ್ನಾನದ ಹೊತ್ತು ಬಿಟ್ಟರೆ ಅದು ಸದಾ ಅವರ ಅಂಗಿಯ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕದಲ್ಲಿ ಇರುತ್ತಿತ್ತು.

ಹಾಗಾಗಿ, ಯುಗಾದಿ ಕಳೆದ ಭಾನುವಾರ, ಮೈದುನ ರವಿಕಿರಣ್ ಲ್ಯಾಪ್‌ಟಾಪ್ ಮುಂದೆ ಕೂತು, “ಓನರ್ ಹೆಸ್ರು ಕೇಳ್ತಿದೆ ಅತ್ತಿಗೆ, ಯಾರ್ದು ಹಾಕ್ಲಿ?” ಅಂದಾಗ, ಅನುಪಮಾ ಒಗ್ಗರಣೆ ಸೌಟು ಹಿಡಿದುಕೊಂಡೇ ಹೇಳಿದಳು:

“ಇನ್ಯಾರ್ದು? ಮಾವನೋರ್ದು ಹಾಕು. ಮನೆ ನಂಬರ್ ಕೊಡು.”

ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಅಂತ ಆಮೇಲೆ ಅವಳು ತನ್ನನ್ನು ತಾನೇ ಎಷ್ಟು ಸಲ ಉಗಿದುಕೊಂಡಳೋ.

ಅನುಪಮಾ ಖಾಸಗಿ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಆರು ವರ್ಷದಿಂದ ಒಂದು ಪುಕ್ಕಟೆ ಬ್ಲಾಗು ಬರೆಯುತ್ತಿದ್ದಳು. ಅದರಲ್ಲಿ ಇದ್ದದ್ದೆಲ್ಲ ಅತ್ತೆ ದೊಡ್ಡಗಂಗಮ್ಮನವರ ಸೊಪ್ಪು. ಸಿ.ಎಸ್. ಪುರದ ಕಡೆ ಹುಟ್ಟಿದ ಆ ಹೆಂಗಸಿಗೆ ಅಕ್ಷರ ಬಾರದು. ಆದರೆ ಹೊಲದ ಬದುವಿನ ಮೇಲೆ ನಿಲ್ಲಿಸಿದರೆ ನಲವತ್ತು ಬಗೆ ಸೊಪ್ಪನ್ನು ಹೆಸರು ಹಿಡಿದು ಕರೆಯಬಲ್ಲರು. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ, ಗಣಿಕೆ. ಯಾವುದನ್ನು ಯಾವುದರ ಜೊತೆ ಬೆರೆಸಬೇಕು, ಯಾವುದನ್ನು ಹೂ ಬಿಟ್ಟ ಮೇಲೆ ಕೀಳಬಾರದು, ಯಾವುದರ ನೀರು ಬಸಿದು ಚೆಲ್ಲಬೇಕು. ಅವರು ಮೊರದ ಮುಂದೆ ಕೂತು ಸೊಪ್ಪು ಸೋಸುತ್ತಾ ಹೇಳುವುದು, ಇವಳು ಫೋಟೋ ತೆಗೆದು ಬರೆದು ಹಾಕುವುದು. ಒಂದು ವಿಷಯದಲ್ಲಿ ಮಾತ್ರ ಅತ್ತೆ ಭಾರಿ ಖಡಕ್ಕು.

“ಅತ್ತೆ, ಈ ಸೊಪ್ಪು ತಿಂದ್ರೆ ಯಾವ ಕಾಯ್ಲೆ ವಾಸಿ ಆಗುತ್ತೆ ಅಂತ ಒಬ್ರು ಕೇಳಿದಾರೆ.”

“ಯಾವ್ದೂ ಇಲ್ಲ ಅಂತ ಬರಿ. ಸೊಪ್ಪು ಅಂದ್ರೆ ಸಾರು ಕಣವ್ವ. ಕಾಯ್ಲೆಗೆ ಡಾಕ್ಟ್ರವ್ರೆ. ನಾನೇನು ಪಂಡಿತಳಾ?”

ಅನುಪಮಾ ಆ ಮಾತನ್ನು ಹಾಗೇ ಪ್ರತಿ ಬರಹದ ಕೊನೆಗೂ ಹಾಕುತ್ತಿದ್ದಳು.

ಓದುವವರು ಇದ್ದರು, ಆದರೆ ವಿಳಾಸ ಮೈಲುದ್ದ. ಮಧ್ಯೆ ಎರಡು ಗೀಟು, ಕೊನೆಗೆ ಬ್ಲಾಗು ಕೊಟ್ಟ ಕಂಪನಿಯ ಹೆಸರು. ಬಾಯಲ್ಲಿ ಹೇಳಿದರೆ ಒಬ್ಬರೂ ಸರಿಯಾಗಿ ಹೊಡೆಯುತ್ತಿರಲಿಲ್ಲ. ಇದನ್ನು ನೋಡಿದ್ದ ರವಿಕಿರಣ್‌ಗೆ ಕೆಲಸ ಬೇರೆ ಇರಲಿಲ್ಲ. ಹೈವೇ ಪಕ್ಕ ಇಟ್ಟಿದ್ದ ಜೆರಾಕ್ಸ್ ಅಂಗಡಿ ಮುಚ್ಚಿ ಎಂಟು ತಿಂಗಳಿಂದ ಮನೆಯಲ್ಲಿ ಕೂತಿದ್ದ.

“ವರ್ಷಕ್ಕೆ ಏಳ್ನೂರು ಚಿಲ್ರೆ ಅತ್ತಿಗೆ, ಸ್ವಂತ ಹೆಸ್ರೇ ತಗೋಬಹುದು. ಬ್ಲಾಗು ಹೆಂಗಿದ್ಯೋ ಹಂಗೇ ಪುಕ್ಕಟೆ. ಬೋರ್ಡ್ ಮಾತ್ರ ನಮ್ದು.”

ಕೆಲಸ ಅಂಥ ದೊಡ್ಡದೇನಲ್ಲ. ‘ಗಂಗಮ್ಮನ ಸೊಪ್ಪು ಡಾಟ್ ಇನ್’ ಅಂತ ಹೆಸರು ಕೊಂಡಾಯಿತು. ಅದನ್ನು ಬ್ಲಾಗಿನ ಸೆಟ್ಟಿಂಗ್‌ನಲ್ಲಿ ಹಾಕಿದರೆ ಬ್ಲಾಗು ಒಪ್ಪಲಿಲ್ಲ. ಕೆಂಪಕ್ಷರದಲ್ಲಿ ಎರಡು ಸಾಲು ತೋರಿಸಿತು. ಆ ಎರಡು ಸಾಲನ್ನು ಎತ್ತಿ, ಹೆಸರು ಮಾರಿದ ಕಂಪನಿಯ ಪುಟದಲ್ಲಿ ಕೂರಿಸಬೇಕು. ಈ ಹೆಸರು ಕೇಳಿಕೊಂಡು ಬಂದವರನ್ನು ಆ ಬ್ಲಾಗಿಗೆ ಕಳಿಸು ಅಂತ ಅದರ ಅರ್ಥ. ಆ ಪುಟದ ಒಳಗೆ ಹೋಗಬೇಕಾದರೆ ಓಟಿಪಿ.

“ಅಪ್ಪಾ, ಫೋನಿಗೊಂದು ನಂಬರ್ ಬಂದೈತಾ ನೋಡು!”

ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ತಿಪ್ಪಯ್ಯ ಕನ್ನಡಕ ಏರಿಸಿ, ಬೀದಿಗೆಲ್ಲ ಕೇಳುವಂತೆ ಓದಿದರು. “ಎಂಟು… ನಾಕು… ಸೊನ್ನೆ… ಸೊನ್ನೆ… ಒಂದು…”

“ಹಳೇ ವಿಳಾಸಕ್ಕೆ ಬಂದೋರ್ನೂ ಬ್ಲಾಗು ತಾನೇ ಹೊಸದಕ್ಕೆ ದಾಟ್ಸುತ್ತೆ ಅತ್ತಿಗೆ. ಒಬ್ರೂ ಮಿಸ್ ಆಗಲ್ಲ” ಅಂದ ರವಿಕಿರಣ್.

ಮಾರನೇ ದಿನ ಮಗಳು ತನುಶ್ರೀ ತನ್ನ ಫೋನಿನಲ್ಲಿ ಹೊಸ ಹೆಸರು ಹೊಡೆದು, “ಅಮ್ಮಾ ಬಂತು!” ಅಂತ ಕೂಗಿಕೊಂಡಳು. ದೊಡ್ಡಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದರು.

“ನನ್ನ ಹೆಸ್ರು ಒತ್ತಿದ್ರೆ ನನ್ನ ಸೊಪ್ಪು ಬತ್ತೈತಾ?”

“ಹೂಂ ಅಜ್ಜಿ. ಇಡೀ ಪ್ರಪಂಚದಲ್ಲಿ ಎಲ್ಲಿ ಒತ್ತಿದ್ರೂ.”

“ಅಯ್ಯೋ ಶಿವನೆ” ಅಂತ ನಾಚಿಕೊಂಡು ನಕ್ಕರು. ಆವತ್ತು ಮಸ್ಸೊಪ್ಪು ಮಾಡಿ, ಎಲ್ಲರ ಮುದ್ದೆಗೂ ಒಂದೊಂದು ಚಮಚ ತುಪ್ಪ ಜಾಸ್ತಿ ಹಾಕಿದರು. ಊಟಕ್ಕೆ ಮುಂಚೆ ಕಿಟಕಿಯ ಅಂಚಿನಿಂದ ಶುಗರ್ ಮಾತ್ರೆ ತೆಗೆದು ಗಂಡನ ಕೈಗಿಟ್ಟರು. ಹದಿನಾಲ್ಕು ವರ್ಷದಿಂದ ದಿನಾ ಎರಡು ಹೊತ್ತು ಇಡುತ್ತಾ ಬಂದದ್ದು. ತಿಂಗಳಿಗೊಮ್ಮೆ ಮೆಡಿಕಲ್ ಸ್ಟೋರಿನಿಂದ ಅದನ್ನು ತರುವ ಕೆಲಸ ರವಿಕಿರಣ್‌ದು. ಆ ಒಂದು ಕೆಲಸ ಅವನು ಯಾವತ್ತೂ ತಪ್ಪಿಸಿದವನಲ್ಲ.

ಎರಡು ತಿಂಗಳು ಚೆನ್ನಾಗಿ ನಡೆಯಿತು. ಜೂನ್ ಬಂದು ಸ್ಕೂಲು ಶುರುವಾಗುವ ಹೊತ್ತಿಗೆ ತಾರಸಿಯ ಮೇಲೆ ನೈಲಾನ್ ಹಾಳೆ ಹಾಸಿದ್ದು ಅನುಪಮಾಳ ಕಣ್ಣಿಗೆ ಬಿತ್ತು. ಹಾಳೆಯ ತುಂಬ ನುಗ್ಗೆಸೊಪ್ಪು, ಬೇವಿನೆಲೆ. ಒಂದು ಮೂಲೆಯಲ್ಲಿ ಮಾರ್ಕೆಟ್ಟಿನಲ್ಲಿ ಸಂಜೆ ಗುಡಿಸಿ ಹಾಕುವಂಥ ಹಳದಿ ತಿರುಗಿದ, ಹುಳ ಕೊರೆದ ಸೊಪ್ಪಿನ ರಾಶಿ. ದೊಡ್ಡಗಂಗಮ್ಮ ಬಿಸಿಲಲ್ಲಿ ಕೂತು ಅದನ್ನೆಲ್ಲ ತಿರುವಿ ಹಾಕುತ್ತಿದ್ದರು.

“ಇದೇನತ್ತೆ?”

“ರವಿ ಸಾರಿನ ಪುಡಿ ಮಾಡಿ ಮಾರ್ತಾನಂತೆ ಕಣವ್ವ. ಆ ಕೊಳ್ತಿರೋದ್ನ ಬಿಸಾಕ್ಲಾ ಅಂದ್ರೆ, ಇರ್ಲಿ ಅಮ್ಮ ಅಂತಾನೆ. ಅಂತೂ ಒಂದು ಕೆಲ್ಸ ಅಂತ ಹಿಡ್ದವ್ನೆ, ಇರ್ಲಿ ಬುಡು.”

ಸಾರಿನ ಪುಡಿಗೆ ಬೇವು ಯಾಕೆ ಅಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಸ್ಕೂಲಿಗೆ ಹೊತ್ತಾಗಿತ್ತು. ಆಮೇಲೆ ಮನೆಯ ಮಿಕ್ಸಿ ದಿನಾ ಗುರ್‌ಗುಟ್ಟಿತು. ಎಲ್ಲಿ ಕೈ ಇಟ್ಟರೂ ಹಸಿರು ಧೂಳು; ಲೋಟದ ತಳದಲ್ಲಿ, ದಿಂಬಿನ ಮೇಲೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ. ಕಾಫಿ ಕುಡಿದರೆ ಬಾಯೆಲ್ಲ ಕಹಿ. ಒಂದು ಬೆಳಿಗ್ಗೆ ತನುಶ್ರೀ ಚಟ್ನಿಯನ್ನು ಬಾಯಿಗಿಟ್ಟವಳು ತಟ್ಟೆಯ ಪಕ್ಕಕ್ಕೇ ಉಗಿದು, “ಥೂ, ಚಿಕ್ಕಪ್ಪನ ಪುಡಿ ವಾಸ್ನೆ!” ಅಂದಳು.

ಜೂನ್ ಕೊನೆಯ ವಾರ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಶಿವರಾಮಯ್ಯ ತಮ್ಮ ಫೋನನ್ನು ಅವಳ ಮುಂದೆ ಹಿಡಿದರು.

“ಏನ್ ಮೇಡಂ, ಪಾಠ ಬಿಟ್ಟು ಶುಗರ್ ಡಾಕ್ಟ್ರಾದ್ರಾ?”

ಗಂಗಮ್ಮನ ಸೊಪ್ಪು ಡಾಟ್ ಇನ್. ಆದರೆ ಅಲ್ಲಿ ಬ್ಲಾಗಿಲ್ಲ. ದೊಡ್ಡಗಂಗಮ್ಮ ಸಿ.ಎಸ್. ಪುರದ ಬದುವಿನಲ್ಲಿ ಮಡಿಲ ತುಂಬ ಅಣ್ಣೆಸೊಪ್ಪು ಹಿಡಿದು ನಿಂತ ಫೋಟೋ, ಅನುಪಮಾ ತಾನೇ ತೆಗೆದದ್ದು. ಅದರ ಕೆಳಗೆ ಹಸಿರು ಡಬ್ಬಿ. ‘ಗಂಗಮ್ಮಜ್ಜಿಯ ಶುಗರ್ ಚೂರ್ಣ. ನನ್ನ ಕೈಯಾರೆ ಮಾಡಿದ್ದು. ಮೂರು ವಾರ ತಗೊಳ್ಳಿ, ಮಾತ್ರೆ ಮರೆತುಬಿಡಿ.’

ಅನುಪಮಾ ತನ್ನ ಹಳೇ ಮೈಲುದ್ದದ ವಿಳಾಸ ಹೊಡೆದಳು. ಅದೂ ಸೀದಾ ಡಬ್ಬಿಯ ಮುಂದೆ ತಂದು ನಿಲ್ಲಿಸಿತು. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ದಾಟಿಸು ಅಂತ ಬ್ಲಾಗಿಗೆ ಹೇಳಿಸಿದವಳು ಅವಳೇ ಅಲ್ಲವೇ? ಹೊಸ ಹೆಸರನ್ನು ರವಿಕಿರಣ್ ತನ್ನ ಅಂಗಡಿಯ ಕಡೆ ತಿರುಗಿಸಿದ್ದ. ಆರು ವರ್ಷ ನಂಬಿ ಓದಿದವರನ್ನೆಲ್ಲ ಅವಳ ಬ್ಲಾಗೇ ಕೈ ಹಿಡಿದು ಕರೆದುಕೊಂಡು ಹೋಗಿ ಅಲ್ಲಿ ಬಿಡುತ್ತಿತ್ತು. ಒಬ್ಬರೂ ಮಿಸ್ ಆಗುತ್ತಿರಲಿಲ್ಲ. ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದವಳು ಹಾಗೇ ಮುಚ್ಚಿಟ್ಟಳು.

ಸಂಜೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. “ಏನೋ ರವಿ ಇದು?”

“ಯಾವ್ದು?”

“ಯಾವ್ದು ಅಂತ ಬೇರೆ ಕೇಳ್ತೀಯಾ? ಅತ್ತೆ ಫೋಟೋ ಹಾಕ್ಕೊಂಡು ಶುಗರ್ ಪುಡಿ ಮಾರ್ತಿದೀಯಲ್ಲ!”

“ಮೆತ್ತಗೆ ಮಾತಾಡಿ. ಅಮ್ಮ ಹಿತ್ಲಲ್ಲವ್ಳೆ.”

“ಓಹೋ! ಅಮ್ಮಂಗೆ ಗೊತ್ತಾಗ್ಬಾರ್ದಾ?”

“ಅತ್ತಿಗೆ, ಆರು ವರ್ಷ ಬರುದ್ರಲ್ಲ, ಒಂದು ರೂಪಾಯಿ ಬಂತಾ? ಕೊತ್ತಗೆರೆಯಿಂದ ಒಬ್ರು ಒಂದೇ ಸಲ ಮೂರು ಡಬ್ಬಿ ತರಿಸ್ಕೊಂಡ್ರು, ಗೊತ್ತಾ? ಜನ ಬರೋದು ಅಮ್ಮನ ಮುಖ ನೋಡ್ಕೊಂಡು. ಅದನ್ನ ಸುಮ್ನೆ ಇಟ್ಕೊಂಡು ಉಪ್ಪಿನಕಾಯಿ ಹಾಕೋದಾ?”

“ಮಾತ್ರೆ ಮರೆತುಬಿಡಿ ಅಂತ ಹಾಕಿದೀಯಲ್ಲೋ, ಯಾರಾದ್ರೂ ಮರೆತೇ ಬಿಟ್ರೆ?”

“ಅಡ್ವಟೈಸ್‌ಮೆಂಟ್ ಅತ್ತಿಗೆ, ಎಲ್ರೂ ಹಂಗೇ ಹಾಕ್ತಾರೆ. ಯಾರ್ ಬಿಡ್ತಾರೆ?”

ತಿಪ್ಪಯ್ಯ ಕಟ್ಟೆಯಿಂದ ಎದ್ದು ಒಳಗೆ ಬಂದರು. “ಏನಮ್ಮ ಗಲಾಟೆ?”

“ಮಾವ, ಆ ಹೆಸ್ರು ನನ್ನ ಬ್ಲಾಗಿಗೆ ಅಂತ ತಗೊಂಡಿದ್ದು. ವಾಪಸ್ ಬೇಕು. ಒಂದು ಓಟಿಪಿ ಹೇಳಿ ಸಾಕು.”

“ಹೆಸ್ರು ಯಾರ್ದು?”

“ನಿಮ್ದು.”

“ಹಾಕ್ಸಿದ್ದು ಯಾರು?”

“ನಾನೇ.”

“ಮತ್ತೆ? ನನ್ನ ಹೆಸ್ರಲ್ಲಿರೋದ್ನ ನನ್ನ ಮಗ ಉಪ್ಯೋಗಿಸ್ಕೊಂಡ್ರೆ ನಿಂಗೇನು ಸಂಕಟ? ಎಂಟು ತಿಂಗ್ಳು ಮನೇಲಿ ಕೂತಿದ್ದ. ಈಗ ಕಣ್ಣು ಬಿಡ್ತಾವ್ನೆ. ತಡೀಬ್ಯಾಡ.” ಹೀಗೆ ಹೇಳಿ ಜೇಬಿನ ಮೇಲೆ ಕೈ ಇಟ್ಟುಕೊಂಡು ಹೊರಗೆ ಹೋದರು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಭೀಮರಾಜ್ ಡ್ಯೂಟಿ ಮುಗಿಸಿ ಬಂದು, ಕೈಯ ಗ್ರೀಸು ತೊಳೆಯುತ್ತಾ ಎಲ್ಲ ಕೇಳಿಸಿಕೊಂಡ.

“ಬುಡು ಅನು. ಹೊರಗಿನೋರ್ಗಾ ಹೋಗಿರೋದು? ನಮ್ಮನೇಲೇ ಐತಲ್ಲ.”

“ನಿಮ್ಮಮ್ಮನ ಹೆಸ್ರಲ್ಲಿ ಸುಳ್ಳು ಮಾರ್ತಾ ಇದಾನೆ ಕಣ್ರೀ!”

“ಅಮ್ಮಂಗೆ ಬಿ.ಪಿ. ಐತೆ. ಅವಳ ಕಿವಿಗೆ ಹಾಕ್ಬ್ಯಾಡ.” ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಒರೆಸುತ್ತಾ, ಅರ್ಧ ಮಾತು ನುಂಗುತ್ತಾ ಇನ್ನೊಂದು ಸೇರಿಸಿದ. “ತನು ಕಾಲೇಜ್ ಫೀಸು ಈ ಸಲ ಅವ್ನೇ ಕಟ್ಟವ್ನೆ.”

ಮಗಳು ಕಾಲೇಜಿಗೆ ಹೋಗುತ್ತಿರುವುದೂ ಆ ಹುಳ ತಿಂದ ಪುಡಿಯ ದುಡ್ಡಿನಲ್ಲೇ! ಥೂ, ಇದೂ ಒಂದು ಸಂಸಾರವಾ ಅನ್ನಿಸಿತು ಅನುಪಮಾಳಿಗೆ. ಅನ್ನಿಸಿದರೂ ಎದ್ದು ಹೋಗಿ ಸಾರು ಬಿಸಿ ಮಾಡಿದಳು, ಎಲ್ಲರಿಗೂ ಬಡಿಸಿದಳು. ತಾನು ಎರಡು ತುತ್ತು ತಿಂದು ತಟ್ಟೆ ತೊಳೆದಳು.

ತನ್ನ ಕೈಯಲ್ಲಾಗುವ ಒಂದನ್ನು ಅವಳು ಮಾಡಿದಳು. ಬ್ಲಾಗಿನ ಸೆಟ್ಟಿಂಗ್‌ಗೆ ಹೋಗಿ ಹೊಸ ಹೆಸರನ್ನು ಕಿತ್ತು ಹಾಕಿದಳು. ಹಳೇ ವಿಳಾಸದಲ್ಲಿ ಬ್ಲಾಗು ಮತ್ತೆ ಕಾಣಿಸಿಕೊಂಡಿತು. ‘ಚೂರ್ಣಕ್ಕೂ ಈ ಬ್ಲಾಗಿಗೂ ಸಂಬಂಧವಿಲ್ಲ’ ಅಂತ ಅಲ್ಲಿ ಬರೆದಳು. ಯಾರು ಓದಬೇಕು? ಯುಗಾದಿಯಿಂದ ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದ್ದುದು ಹೊಸ ಹೆಸರು. ಹೆಸರು ಮಾರಿದ ಕಂಪನಿಗೆ ಫೋನ್ ಮಾಡಿದರೆ, “ಓನರ್ ನಂಬರಿಗೆ ಓಟಿಪಿ ಕಳಿಸ್ತೀವಿ ಮೇಡಂ, ಅದನ್ನ ಹೇಳಿ” ಅಂದರು. ಓನರ್ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಕೂತಿದ್ದರು.

“ಅಮ್ಮ, ಅಜ್ಜಿಗೆ ಯಾವಾಗ ಹೇಳ್ತೀಯ?” ಅಂತ ತನುಶ್ರೀ ಬಟ್ಟೆ ಒಣಗಹಾಕುತ್ತಾ ಕೇಳಿದಳು.

“ಟೈಮ್ ನೋಡಿ ಹೇಳ್ತೀನಿ.”

“ಹೋದ್ ವಾರನೂ ಹಿಂಗೇ ಅಂದೆ. ಅಜ್ಜಿ ಪಾಪ ದಿನಾ ಬಿಸ್ಲಲ್ಲಿ ಕೂತು ಒಣಗಿಸ್ತಾ ಅವ್ರೆ. ಡಬ್ಬಿ ಮೇಲೆ ನನ್ನ ಫೋಟೋ ಚೆನ್ನಾಗಿ ಬಂದೈತೆ ಅಂತ ಪಕ್ಕದ್ಮನೆಯೋರಿಗೆಲ್ಲ ತೋರಿಸ್ತಾವ್ರೆ.”

“ಸುಮ್ನಿರೇ, ನಿಂಗೆ ಗೊತ್ತಾಗಲ್ಲ.”

ಗೊತ್ತಾಗದೆ ಇದ್ದದ್ದೇನೂ ಇರಲಿಲ್ಲ. ಗಂಡನ ಮುಖ, ಮಾವನ ಮಾತು, ಕಟ್ಟಿಯಾದ ಫೀಸು. ಆಷಾಢ ಕಳೆಯಿತು, ಶ್ರಾವಣ ಬಂತು. ಆರು ವಾರ ಅವಳು ಟೈಮ್ ನೋಡುತ್ತಲೇ ಇದ್ದಳು.

ಆ ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲೇ ಇದ್ದರು. ದೊಡ್ಡಗಂಗಮ್ಮ ಮಸ್ಸೊಪ್ಪು ಮಾಡಿ ಮುದ್ದೆ ಕಟ್ಟುತ್ತಿದ್ದರು. ಬಾಗಿಲಲ್ಲಿ ಆಟೋ ನಿಂತಿತು. ಒಬ್ಬ ಹುಡುಗಿ ತನ್ನ ತಾಯಿಯನ್ನು ತೋಳು ಹಿಡಿದು ಮೆಲ್ಲಗೆ ಇಳಿಸಿದಳು. ತಾಯಿಯ ಎಡಗಾಲಿಗೆ ಹಿಮ್ಮಡಿಯವರೆಗೂ ಬ್ಯಾಂಡೇಜು. ಹುಡುಗಿಯ ಕೈಯಲ್ಲಿ ಹಸಿರು ಡಬ್ಬಿ. ಅದರ ತಳದಲ್ಲಿ ಅಚ್ಚಾಗಿದ್ದ ವಿಳಾಸ ಹಿಡಿದು ಬಂದಿದ್ದರು.

“ಗಂಗಮ್ಮನೋರ ಮನೆ ಇದೇನಾ?”

“ನಾನೇ ಕಣವ್ವ. ಬನ್ನಿ, ಒಳೀಕ್ ಬನ್ನಿ. ಅಯ್ಯೋ, ಕಾಲಿಗೇನಾಯ್ತು ತಾಯಿ? ಅನು, ನೀರು ತತ್ತಾ.”

ತಾಯಿ ಕುರ್ಚಿಯಲ್ಲಿ ಕೂತು ದೊಡ್ಡಗಂಗಮ್ಮನ ಮುಖವನ್ನು ತುಂಬ ಹೊತ್ತು ನೋಡಿದರು. “ಫೋಟೋದಲ್ಲಿ ಇದ್ದ ಹಾಗೇ ಇದೀರಿ” ಅಂದರು. ಅನುಪಮಾ ತಂದಿಟ್ಟ ನೀರನ್ನು ಮುಟ್ಟಲಿಲ್ಲ.

ಹುಡುಗಿಯೇ ಮಾತಾಡಿದಳು. “ನಾವು ಗುಬ್ಬಿಯೋರು. ನಾನು ತಹಸೀನ್, ಇವ್ರು ನಮ್ಮಮ್ಮಿ ರೋಷನ್ ಬೀ. ಎರಡು ವರ್ಷದಿಂದ ನಿಮ್ಮ ಬ್ಲಾಗ್ ಅಮ್ಮಿಗೆ ಓದಿ ಹೇಳ್ತಿದ್ದೆ. ಹೊನಗೊನೆ ಸಾರು ನಮ್ಮನೇಲಿ ಶುರುವಾಗಿದ್ದೇ ನಿಮ್ಮಿಂದ. ಗಂಗಮ್ಮ ಹೇಳಿದಾರೆ ಅಂದ್ರೆ ಅಮ್ಮಿಗೆ ಮುಗೀತು. ಅಮ್ಮಿಗೆ ಹನ್ನೆರಡು ವರ್ಷದಿಂದ ಶುಗರ್. ಮಾತ್ರೆ ಮರೆತುಬಿಡಿ ಅಂತ ನೀವು ಹಾಕಿದ್ರಿ. ನಾನು ಬೇಡ ಅಂದೆ, ಅಮ್ಮಿ ಕೇಳ್ಲಿಲ್ಲ. ಕಾಲ್ಬೆರಳಲ್ಲಿ ಒಂದು ಚೂರು ಗಾಯ ಇತ್ತು. ಅದು ಕೀವಾಗಿ, ಕಪ್ಪಾಗಿ… ಎರಡು ಬೆರಳು ತೆಗೆದ್ರು.”

ಅನುಪಮಾ ಮುಂದೆ ಬಂದಳು. “ಯಾವಾಗಿಂದ ತಗೊಂಡ್ರಿ?”

“ಮೊಹರಂ ಮುಗಿದ ಮಾರನೇ ವಾರದಿಂದ.”

ಅಷ್ಟು ಹೊತ್ತಿಗೆ ಅನುಪಮಾಳಿಗೆ ವಿಷಯ ಗೊತ್ತಾಗಿ ಎರಡು ವಾರವಾಗಿತ್ತು. ಆವತ್ತೇ ಬೀದಿಗೆ ಬಂದು ಬೊಬ್ಬೆ ಹೊಡೆದಿದ್ದರೆ ಈ ಹೆಂಗಸಿನ ಬೆರಳು ಇರುತ್ತಿದ್ದವು.

“ನಾನ್ಯಾವಾಗ ಹಂಗಂದೆ?” ದೊಡ್ಡಗಂಗಮ್ಮನ ದನಿ ಸಣ್ಣಗಾಗಿತ್ತು. “ಅದು ಸಾರಿನ ಪುಡಿ ಅಲ್ವಾ? ತನೂ, ಇಸ್ಕೊ ಆ ಡಬ್ಬೀನ. ಏನ್ ಬರ್ದೈತೆ ಓದು.”

ರವಿಕಿರಣ್ ಎದ್ದ. “ಅಮ್ಮಾ, ಅದೇನಂದ್ರೆ…”

“ನಿನ್ನ ಕೇಳ್ಲಿಲ್ಲ. ಓದು ತನು.”

ತನುಶ್ರೀ ಓದಿದಳು. ನನ್ನ ಕೈಯಾರೆ ಮಾಡಿದ್ದು ಅನ್ನುವಲ್ಲಿಗೆ ಬಂದಾಗ ಒಮ್ಮೆ ಅಜ್ಜಿಯ ಮುಖ ನೋಡಿದಳು. ಆದರೂ ಪೂರ್ತಿ ಓದಿದಳು. ದೊಡ್ಡಗಂಗಮ್ಮ ಸೊಸೆಯ ಕಡೆ ತಿರುಗಿದರು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ.”

“ಎಷ್ಟ್ ದಿನದಿಂದ?”

“ಆರು ವಾರದಿಂದ.”

ದೊಡ್ಡಗಂಗಮ್ಮ ಮುಖ ತಿರುಗಿಸಿದರು. ನಾಲ್ಕು ಏಟು ಹೊಡೆದಿದ್ದರೆ ಅನುಪಮಾ ಇನ್ನೂ ಸುಲಭವಾಗಿ ತಡೆದುಕೊಳ್ಳುತ್ತಿದ್ದಳು.

ತಿಪ್ಪಯ್ಯ ಗಂಟಲು ಸರಿ ಮಾಡಿಕೊಂಡರು. “ನೋಡಮ್ಮ, ಹಣೇಲಿ ಬರ್ದಿದ್ದು. ಶುಗರ್ ಇದ್ದೋರಿಗೆ ಕಾಲು ಹಿಂಗಾಗೋದು ಇದ್ದದ್ದೇ. ಪುಡಿಯಿಂದಾನೇ ಆಯ್ತು ಅಂತ ಹೆಂಗ್ ಹೇಳ್ತೀರಾ? ನಮ್ಮ ಪುಡೀಲಿ ತೊಂದ್ರೆ ಇಲ್ಲ.”

“ಇಲ್ವಾ?” ಅಂದರು ದೊಡ್ಡಗಂಗಮ್ಮ. “ಹಂಗಾರೆ ಸರಿ. ಊಟಕ್ಕೆ ಕೂತ್ಕಳಿ.”

ಯಾರಿಗೂ ಏನೂ ಅರ್ಥವಾಗಲಿಲ್ಲ. ಅವರು ಗಂಡನ ತಟ್ಟೆ ತಂದು ಎಲ್ಲರ ಎದುರಿಗೇ ಇಟ್ಟರು. ಬಿಸಿ ಮುದ್ದೆ ಹಾಕಿದರು, ಮಸ್ಸೊಪ್ಪು ಹುಯ್ದರು. ಆಮೇಲೆ ರೋಷನ್ ಬೀ ತಂದಿದ್ದ ಡಬ್ಬಿಯ ಮುಚ್ಚಳ ತಿರುವಿ, ಮೂರು ಚಮಚ ಪುಡಿಯನ್ನು ಆ ಸಾರಿಗೆ ಸುರಿದು ಕಲಸಿದರು. ಸಾರಿನ ಬಣ್ಣ ಕೆಟ್ಟಿತು. ಕೊಳೆತ ಸೊಪ್ಪಿನ ಮುಗ್ಗಲು ವಾಸನೆ ಕೋಣೆಯಲ್ಲೆಲ್ಲ ಹರಡಿತು. ಕಿಟಕಿಯ ಅಂಚಿನಿಂದ ಶುಗರ್ ಮಾತ್ರೆಯ ಪಟ್ಟಿಯನ್ನು ತೆಗೆದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಉಣ್ಣಿ. ಇವತ್ತಿಂದ ನಿಮ್ಗೆ ಮಾತ್ರೆ ಬ್ಯಾಡ. ನನ್ನ ಕೈ ಔಸ್ತಿ ಸಾಕು.”

“ಏನೇ ಇದು, ಬಂದೋರ ಮುಂದೆ?”

“ತೊಂದ್ರೆ ಇಲ್ಲ ಅಂದ್ರಲ್ಲ. ನಿಮ್ಮ ಹೆಸ್ರಲ್ಲೇ ಮಾರಿರೋದು. ಉಣ್ಣಿ.”

ತಿಪ್ಪಯ್ಯನಿಗೆ ಹಟ ಬಂತು. ಹೊರಗಿನವರ ಮುಂದೆ ಸೋಲುವ ಜಾಯಮಾನ ಅಲ್ಲ ಅದು. “ತಿಂತೀನಿ ಬುಡು. ನನ್ನ ಮಗ ಮಾಡಿರೋದು ತಾನೆ? ಇವತ್ತೂ ತಿಂತೀನಿ, ನಾಳೆನೂ ತಿಂತೀನಿ” ಅಂದವರೇ ಮುದ್ದೆ ಮುರಿದು, ಆ ಸಾರಿನಲ್ಲಿ ಅದ್ದಿ, ಬಾಯಿಗೆ ಎತ್ತಿದರು.

“ಅಪ್ಪಾ, ಬ್ಯಾಡ! ತಿನ್ಬೇಡ!”

ರವಿಕಿರಣ್ ನೆಗೆದು ಬಂದು ಅಪ್ಪನ ಕೈಗೆ ಹೊಡೆದ. ತುತ್ತು ಹಾರಿ ನೆಲಕ್ಕೆ ಬಿತ್ತು. ಸಾರು ಗೋಡೆಗೆ ಸಿಡಿಯಿತು.

ಹೊಡೆದ ಕೈಯನ್ನು ರವಿಕಿರಣ್ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ನಿಂತ. ರೋಷನ್ ಬೀ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

“ನಿಮ್ಮಪ್ಪಂಗೆ ಬೇಡ. ನನಗೆ ಆಗುತ್ತೆ. ಅಲ್ವಾ ಬೇಟಾ?”

ಅವನು ತಲೆ ತಗ್ಗಿಸಿದ. ಭೀಮರಾಜ್ ಅಭ್ಯಾಸಬಲದಿಂದ “ಬುಡಿ…” ಅಂತ ಬಾಯಿ ತೆರೆದವನು, ಮಗಳು ನೋಡಿದ ನೋಟಕ್ಕೆ ಹಾಗೇ ಮುಚ್ಚಿಕೊಂಡ. ಛೀ, ಇವನ ಜೊತೆ ಹದಿನೆಂಟು ವರ್ಷ ಒಂದೇ ತಟ್ಟೆಯಲ್ಲಿ ಉಂಡೆನಲ್ಲ ಅಂದುಕೊಂಡಳು ಅನುಪಮಾ. ಮರುಗಳಿಗೆಯೇ ತನ್ನ ಆರು ವಾರ ನೆನಪಾಯಿತು. ಅವಳಿಗೂ ಅವನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ತಿಪ್ಪಯ್ಯ ಸಾರು ಮೆತ್ತಿದ ತಮ್ಮ ಬೆರಳುಗಳನ್ನು ನೋಡುತ್ತಾ ಕೂತಿದ್ದರು. ಎಡಗೈಯಿಂದ ಜೇಬಿನ ಫೋನು ತೆಗೆದು ಸೊಸೆಯ ಮುಂದೆ ಇಟ್ಟರು.

“ಅದೇನ್ ನಂಬರ್ ಬತ್ತೈತೋ, ನೀನೇ ನೋಡ್ಕೊ.”

ಅನುಪಮಾ ಲ್ಯಾಪ್‌ಟಾಪ್ ತೆಗೆದಳು. ಓಟಿಪಿ ಬಂತು. ಈ ಸಲ ಯಾರೂ ಗಟ್ಟಿಯಾಗಿ ಓದಲಿಲ್ಲ. ರವಿಕಿರಣ್ ಕೂರಿಸಿದ್ದ ಸಾಲು ಅಳಿಸಿದಳು, ಬ್ಲಾಗು ಕೊಟ್ಟ ಎರಡು ಸಾಲನ್ನು ಮತ್ತೆ ಹಾಕಿದಳು. ಓನರ್ ಹೆಸರು ಬದಲಿಸುವ ಜಾಗ ಬಂದಾಗ ನಿಲ್ಲಿಸಿದಳು.

“ಯಾರ ಹೆಸ್ರು ಹಾಕ್ಲಿ ಅತ್ತೆ?”

“ನಂದೇ ಹಾಕು. ಈ ಪಾಪ ನಡ್ದಿರೋದು ನನ್ನ ಹೆಸ್ರಲ್ಲಿ. ಮೊದ್ಲು ಅಲ್ಲಿ ಬರಿ, ಈ ಪುಡಿ ತಿನ್ಬ್ಯಾಡಿ, ಮಾತ್ರೆ ಬಿಟ್ಟೋರು ಇವತ್ತೇ ಡಾಕ್ಟ್ರತ್ರ ಹೋಗಿ ಅಂತ.”

ಅನುಪಮಾ ಬರೆದಳು. ಮುಂದಿನದನ್ನು ತಾನೇ ಸೇರಿಸಿ ಗಟ್ಟಿಯಾಗಿ ಓದಿದಳು. “ಗಂಗಮ್ಮನವರಿಗೂ ಈ ಪುಡಿಗೂ ಸಂಬಂಧವಿಲ್ಲ.”

“ಅದ್ನ ಅಳಿಸು. ಬಿಸ್ಲಲ್ಲಿ ಕೂತು ಒಣಗ್ಸಿದ್ದು ನಾನೇ. ನನ್ನ ಮನೇಲೇ ಆಗಿದ್ದು, ನನ್ನ ಮಗನೇ ಮಾಡಿದ್ದು ಅಂತ ಬರಿ.”

ಅಳಿಸಿ, ಹಾಗೇ ಬರೆದಳು.

“ಈಗ ಎಲ್ರಿಗೂ ಕಾಣ್ತೈತಾ?”

“ಒಂದು ದಿನ ಆಗ್ಬಹುದು ಅತ್ತೆ. ಅಲ್ಲೀವರ್ಗೂ ಕೆಲವ್ರಿಗೆ ಹಳೇದೇ ಬರುತ್ತೆ.”

“ಅಷ್ಟ್ರೊಳ್ಗೆ ಇನ್ಯಾರಾದ್ರೂ ಮಾತ್ರೆ ಬಿಟ್ರೆ?”

ದೊಡ್ಡಗಂಗಮ್ಮ ನೆಲದ ಮೇಲೆ, ಬಿದ್ದ ತುತ್ತಿನ ಪಕ್ಕದಲ್ಲೇ ಕೂತರು.

“ಬಾರ್ಲಾ ರವಿ, ಇಲ್ಲಿ ಕೂತ್ಕ. ಯಾರ್ಯಾರಿಗೆ ಕಳ್ಸಿದೀಯೋ ಅವ್ರಿಗೆಲ್ಲ ಫೋನ್ ಮಾಡು.”

“ಅಮ್ಮಾ, ನೂರು ಜನದ ಮೇಲವ್ರೆ…”

“ಮಾಡು. ಎಲ್ರಿಗೂ ಕೇಳೋ ಹಂಗೆ ಹಾಕು. ಮುಗಿಯೋಗಂಟ ಈ ಮನೇಲಿ ಒಲೆ ಹಚ್ಚಲ್ಲ.”

ರವಿಕಿರಣ್ ಫೋನಿನಲ್ಲಿದ್ದ ಪಟ್ಟಿ ತೆಗೆದ. ಎಲ್ಲಕ್ಕಿಂತ ಮೇಲಿದ್ದ ಹೆಸರು ಚಿಕ್ಕಬೋರಯ್ಯ, ಕೊತ್ತಗೆರೆ, ಕುಣಿಗಲ್ ತಾಲ್ಲೂಕು, ಮೂರು ಡಬ್ಬಿ. ಒತ್ತಿದ. ರಿಂಗು ಹೋಯಿತು. ತಹಸೀನ್ ತಾಯಿಯ ಕೈ ಹಿಡಿದುಕೊಂಡಳು. ಇಬ್ಬರೂ ಎದ್ದು ಹೋಗಲಿಲ್ಲ. ರಿಂಗಾಗಿ, ರಿಂಗಾಗಿ, ತಾನೇ ನಿಂತಿತು.

“ಎತ್ಲಿಲ್ಲ. ಹೊಲದ ಕಡೆ ಹೋಗಿರ್ಬೇಕು” ಅಂದ ರವಿಕಿರಣ್.

“ಇನ್ನೊಂದ್ ಸಲ ಮಾಡು” ಅಂದರು ದೊಡ್ಡಗಂಗಮ್ಮ.